ಹಳೆಯ ಕ್ಯಾಮ್‌ಕಾರ್ಡರ್ ಟೇಪ್ ಕಂಪ್ಯೂಟರ್‌ಗೆ ಹಾಕುವುದು ಹೇಗೆ? ಧಾರಾವಿ ಮನೆ ಬಿಡುವ ಮುನ್ನ ತಿಳಿದಿರಲಿ

ಮುಂಬೈ: ಧಾರಾವಿ ಪುನರಾಭಿವೃದ್ಧಿ ಯೋಜನೆಗಾಗಿ ಮನೆ ಮನೆ ಸಮೀಕ್ಷೆ ಆರಂಭವಾಗಿದ್ದು 2024ರ ಮಾರ್ಚ್‌ನಲ್ಲಿ. ಇಂದಲ್ಲ ನಾಳೆ ಮನೆ ಖಾಲಿ ಮಾಡಬೇಕು ಎಂದಾಗ ರೇಷನ್ ಕಾರ್ಡ್, ಕರೆಂಟ್ ಬಿಲ್, ಮತದಾರರ ಪಟ್ಟಿಯ ಪ್ರತಿ ಮೊದಲು ನೆನಪಾಗುತ್ತವೆ. ಅಟ್ಟದ ಮೇಲಿನ ಡಬ್ಬದಲ್ಲಿರುವ ವಿಡಿಯೊ ಕ್ಯಾಸೆಟ್‌ಗಳು ನೆನಪಾಗುವುದು ಕೊನೆಗೆ. ಅಕ್ಕನ ಮದುವೆ, ಮಗುವಿನ ನಾಮಕರಣ, ರಜೆಯಲ್ಲಿ ಊರಿಗೆ ಹೋದಾಗಿನ ಜಾತ್ರೆ, ಇಂದು ಇಲ್ಲದ ಅಜ್ಜಿಯ ದನಿ ಎಲ್ಲವೂ ಅದರಲ್ಲೇ ಇರುತ್ತವೆ. ಕೆಡವಿದ ಮೇಲೆ ಆ ಓಣಿ ನೋಡಲು ಸಿಗುವುದೂ ಅದರಲ್ಲಿ ಮಾತ್ರ. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ಟೇಪ್ ಹಾಳಾಗುವ ಮೊದಲೇ ಅದನ್ನು ಓದುವ ಯಂತ್ರ ಸಿಗದಂತಾಗುತ್ತದೆ ಎಂಬುದು ಮುಖ್ಯ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಎನಿಸಿದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಉತ್ಪಾದನೆ ನಿಲ್ಲಿಸಿತು. ಆದ್ದರಿಂದ ಹಳೆಯ ಕ್ಯಾಮ್‌ಕಾರ್ಡರ್ ಕೆಟ್ಟಿದೆ ಎಂದು ಗುಜರಿಗೆ ಹಾಕಬೇಡಿ. ಟೇಪ್ ಇರುವವರೆಗೆ ಅದೂ ಇರಲಿ.

ನಿಮ್ಮ ಬಳಿ ಇರುವ ಟೇಪ್ ಯಾವುದು?

ಕ್ಯಾಸೆಟ್ ಮೇಲಿನ ಗುರುತು ನೋಡಿ. ಮುಂದಿನ ಕೆಲಸವೆಲ್ಲ ಅದನ್ನೇ ಅವಲಂಬಿಸಿದೆ.

* ವಿಎಚ್‌ಎಸ್: ಪುಸ್ತಕದಷ್ಟು ದೊಡ್ಡ ಕ್ಯಾಸೆಟ್. ಮದುವೆ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದು ಅನಲಾಗ್.
* ವಿಎಚ್‌ಎಸ್-ಸಿ: ಅದರ ಚಿಕ್ಕ ರೂಪ. ಅಡಾಪ್ಟರ್ ಒಳಗಿಟ್ಟು ಸಾಮಾನ್ಯ ವಿಸಿಆರ್‌ನಲ್ಲೇ ಓಡಿಸಬಹುದು.
* ವಿಡಿಯೊ8 ಮತ್ತು ಹೈ8: 8 ಎಂಎಂ ಅಗಲದ ಟೇಪ್. ಮೊದಲನೆಯದು 1985ರಲ್ಲಿ, ಎರಡನೆಯದು 1989ರಲ್ಲಿ ಬಂತು. ಎರಡೂ ಅನಲಾಗ್. ಇವನ್ನು ವಿಸಿಆರ್‌ಗೆ ಹಾಕುವ ಅಡಾಪ್ಟರ್ ಇಲ್ಲ, ಇದೆ ಎಂದರೆ ನಂಬಬೇಡಿ.
* ಡಿಜಿಟಲ್8: 1999ರಲ್ಲಿ ಬಂತು. ಕ್ಯಾಸೆಟ್ ಅದೇ ಅಳತೆಯದು, ದಾಖಲೆ ಮಾತ್ರ ಡಿಜಿಟಲ್. ಇದರ ಕೆಲವು ಕ್ಯಾಮೆರಾಗಳು ವಿಡಿಯೊ8, ಹೈ8 ಟೇಪ್‌ಗಳನ್ನೂ ಓಡಿಸುತ್ತವೆ.
* ಮಿನಿ ಡಿವಿ: ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. 1995ರಲ್ಲಿ ಬಂತು. ಇದೂ ಡಿಜಿಟಲ್.

ಓಡಿಸುವ ಮೊದಲು ಈ ಎಚ್ಚರಿಕೆ ಬೇಕು

ಮುಂಬೈ ಮಳೆಗಾಲದ ತೇವಕ್ಕೆ ಟೇಪ್‌ಗೆ ಬೂಸ್ಟು ಹಿಡಿಯುವುದು ಸಾಮಾನ್ಯ. ಕ್ಯಾಸೆಟ್‌ನ ಕಿಟಕಿಯಲ್ಲಿ ಸುರುಳಿಯ ಅಂಚು ನೋಡಿ. ಬಿಳಿ ಪುಡಿ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಯಂತ್ರಕ್ಕೆ ಹಾಕಲೇಬೇಡಿ. ಬೂಸ್ಟು ಯಂತ್ರದ ಹೆಡ್‌ಗೆ ಅಂಟಿ, ಅಲ್ಲಿಂದ ಉಳಿದ ಟೇಪ್‌ಗಳಿಗೂ ಹರಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು, ಮಿಠಿ ನದಿ ಉಕ್ಕಿ ಹರಿದಿತ್ತು. ಇಂಥ ನೆರೆಯಲ್ಲಿ ನೆನೆದು, ಕೆಸರು ಒಣಗಿದ ಟೇಪ್ ಇದ್ದರೆ ಮನೆಯಲ್ಲಿ ಪ್ರಯೋಗ ಬೇಡ. ಟೇಪ್ ಬಿಚ್ಚಿ ಶುಚಿ ಮಾಡಬಲ್ಲ ಪರಿಣತರಿಗೇ ಕೊಡಿ.

ಟೇಪ್ ಚೆನ್ನಾಗಿದ್ದರೂ ಮೊದಲು ಅಳಿಸದಂತೆ ಬೀಗ ಹಾಕಿ. ವಿಎಚ್‌ಎಸ್‌ನಲ್ಲಿ ಹಿಂಬದಿಯ ಪ್ಲಾಸ್ಟಿಕ್ ತುಣುಕು ಮುರಿದರೆ ಸಾಕು. ಮಿನಿ ಡಿವಿಯಲ್ಲಿ ಚಿಕ್ಕ ಗುಂಡಿಯನ್ನು 'ಸೇವ್' ಕಡೆಗೆ ಸರಿಸಿ. ನಂತರ ಬೇಡದ ಒಂದು ಕ್ಯಾಸೆಟ್ ಹಾಕಿ ಯಂತ್ರ ಟೇಪ್ ಕಚ್ಚುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಮದುವೆ ಕ್ಯಾಸೆಟ್‌ನ ಸರದಿ ಅದಾದ ಮೇಲೆ. ಆ ಟೇಪ್ ಅನ್ನು ಒಮ್ಮೆ ಕೊನೆಯವರೆಗೆ ಓಡಿಸಿ ರಿವೈಂಡ್ ಮಾಡಿ. ವರ್ಷಗಟ್ಟಲೆ ಅಂಟಿಕೊಂಡಿದ್ದ ಸುತ್ತು ಸಡಿಲವಾಗುತ್ತದೆ.

ಮಿನಿ ಡಿವಿ, ಡಿಜಿಟಲ್8: ಫೈರ್‌ವೈರ್ ಬೇಕು

ಈ ಟೇಪ್‌ಗಳಲ್ಲಿ ಇರುವುದು ಆಗಲೇ ಡಿಜಿಟಲ್ ಮಾಹಿತಿ. ಫೈರ್‌ವೈರ್ ಕೇಬಲ್ ಮೂಲಕ ತೆಗೆದರೆ ಟೇಪ್‌ನಲ್ಲಿ ಇದ್ದದ್ದು ಇದ್ದ ಹಾಗೆಯೇ ಕಂಪ್ಯೂಟರ್‌ಗೆ ಬರುತ್ತದೆ. ಸೋನಿ ಕ್ಯಾಮೆರಾಗಳಲ್ಲಿ ಇದೇ ಕಿಂಡಿಗೆ 'ಐ.ಲಿಂಕ್' ಎಂಬ ಹೆಸರು. ಅನೇಕ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಕಿಂಡಿಯೂ ಇರುತ್ತದೆ. ಆದರೆ ಅದು ಹೆಚ್ಚಾಗಿ ಫೋಟೊಗಳಿಗೆ ಅಥವಾ ಕಡಿಮೆ ಗುಣಮಟ್ಟದ ವಿಡಿಯೊಗೆ ಮಾತ್ರ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಇಲ್ಲ. ಒಂದು ತುದಿಗೆ ಯುಎಸ್‌ಬಿ, ಇನ್ನೊಂದು ತುದಿಗೆ ಫೈರ್‌ವೈರ್ ಇರುವ ಅಗ್ಗದ ಕೇಬಲ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದರಿಂದ ಡಿವಿ ವಿಡಿಯೊ ಬರುವುದಿಲ್ಲ, ಹಣ ದಂಡ. ಡೆಸ್ಕ್‌ಟಾಪ್ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸಿ. ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡ್‌ನಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಮೊದಲು ವಿಚಾರಿಸಿ. ಫೈರ್‌ವೈರ್ ಕಿಂಡಿ ಇರುವ ಹಳೆಯ ಲ್ಯಾಪ್‌ಟಾಪ್ ಯಾರದಾದರೂ ಮನೆಯಲ್ಲಿ ಇದ್ದರೆ ಇನ್ನೂ ಸುಲಭ. ಮ್ಯಾಕ್ ಬಳಸುವವರು ಗಮನಿಸಿ: 2025ರಲ್ಲಿ ಬಂದ ಮ್ಯಾಕ್‌ಒಎಸ್ ತಾಹೋದಿಂದ ಫೈರ್‌ವೈರ್ ಬೆಂಬಲ ತೆಗೆಯಲಾಗಿದೆ. ಹಳೆಯ ಆವೃತ್ತಿಯಲ್ಲೇ ಈ ಕೆಲಸ ಮುಗಿಸಿಕೊಳ್ಳಿ.

ಕೇಬಲ್ ಸಿಕ್ಕಿಸುವಾಗ ಕ್ಯಾಮೆರಾ, ಕಂಪ್ಯೂಟರ್ ಎರಡೂ ಆಫ್ ಆಗಿರಲಿ. 6 ಪಿನ್‌ನ ಕೇಬಲ್‌ನಲ್ಲಿ ವಿದ್ಯುತ್ ಹರಿಯುತ್ತದೆ. ತಿರುವುಮುರುವಾಗಿ ತುರುಕಿದರೆ ಕ್ಯಾಮೆರಾ ಸುಟ್ಟುಹೋಗಬಹುದು. ವಿಂಡೋಸ್‌ನಲ್ಲಿ ವಿನ್‌ಡಿವಿ, ಲಿನಕ್ಸ್‌ನಲ್ಲಿ ಡಿವಿಗ್ರಾಬ್ ಎಂಬ ಉಚಿತ ತಂತ್ರಾಂಶಗಳಿವೆ.

ವಿಎಚ್‌ಎಸ್, ಹೈ8: ಕ್ಯಾಪ್ಚರ್ ಸಾಧನ ಬೇಕು

ಅನಲಾಗ್ ಟೇಪ್‌ಗಳಿಗೆ ವಿಸಿಆರ್ ಅಥವಾ ಕ್ಯಾಮೆರಾದಿಂದ ಬರುವ ಸಂಕೇತವನ್ನು ಡಿಜಿಟಲ್ ಮಾಡುವ ಯುಎಸ್‌ಬಿ ಕ್ಯಾಪ್ಚರ್ ಸಾಧನ ಸಾಕು. ಹಳದಿ ವೈರ್ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಹೈ8 ಕ್ಯಾಮೆರಾದಲ್ಲಿ ಎಸ್-ವಿಡಿಯೊ ಕಿಂಡಿ ಇದ್ದರೆ ಹಳದಿಯ ಬದಲು ಅದನ್ನೇ ಬಳಸಿ, ಬಣ್ಣ ಸ್ವಚ್ಛವಾಗಿ ಬರುತ್ತದೆ.

ತಂತ್ರಾಂಶದಲ್ಲಿ ಎನ್‌ಟಿಎಸ್‌ಸಿ ಅಲ್ಲ, ಪಾಲ್ ಎಂದು ಆರಿಸಿ. ಭಾರತದಲ್ಲಿ ಇದ್ದದ್ದು ಪಾಲ್ ಪದ್ಧತಿ. ಅಳತೆ 720x576, ಸೆಕೆಂಡಿಗೆ 25 ಫ್ರೇಮ್. ಗಲ್ಫ್ ಅಥವಾ ಅಮೆರಿಕದಿಂದ ಬಂಧುಗಳು ತಂದ ಕ್ಯಾಮೆರಾ ಆಗಿದ್ದರೆ ಮಾತ್ರ ಒಮ್ಮೆ ಪರೀಕ್ಷಿಸಿ. ಪದ್ಧತಿ ತಪ್ಪಿದರೆ ಚಿತ್ರ ಕಪ್ಪು ಬಿಳುಪಾಗಿಯೋ, ಉರುಳುತ್ತಲೋ ಕಾಣುತ್ತದೆ.

ಎಷ್ಟು ಸಮಯ, ಎಷ್ಟು ಜಾಗ?

ಒಂದು ಗಂಟೆಯ ಟೇಪ್ ಕಂಪ್ಯೂಟರ್‌ಗೆ ಬರಲು ಒಂದು ಗಂಟೆಯೇ ಬೇಕು. ಬೇಗ ಓಡಿಸುವ ದಾರಿ ಇಲ್ಲ. ಡಿವಿ ಫೈಲ್‌ಗೆ ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಹತ್ತು ಟೇಪ್ ಎಂದರೆ 130 ಜಿಬಿ. ಮಧ್ಯದಲ್ಲಿ ಕಂಪ್ಯೂಟರ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ. ಕ್ಯಾಮೆರಾವನ್ನು ಹಳೆಯ ಬ್ಯಾಟರಿಗಿಂತ ಚಾರ್ಜರ್ ಮೇಲೆ ಓಡಿಸುವುದೇ ಒಳ್ಳೆಯದು.

ಎಡಿಟಿಂಗ್ ಹೇಗೆ?

ಮೊದಲ ನಿಯಮ: ಟೇಪ್ ಪೂರ್ತಿ ತೆಗೆದುಕೊಳ್ಳಿ, ಕತ್ತರಿಸುವುದು ಆಮೇಲೆ. ಇಂದು ಬೇಡವೆನಿಸಿದ ಖಾಲಿ ಓಣಿಯ ದೃಶ್ಯವೇ ನಾಳೆ ಬೇಕಾಗಬಹುದು. ಮೂಲ ಫೈಲ್ ಮುಟ್ಟದೆ ಅದರ ಪ್ರತಿಯ ಮೇಲೆ ಕೆಲಸ ಮಾಡಿ. ಶಾಟ್‌ಕಟ್, ಕೆಡೆನ್‌ಲೈವ್ ಉಚಿತ. ಡಾವಿಂಚಿ ರಿಸಾಲ್ವ್‌ಗೂ ಉಚಿತ ಆವೃತ್ತಿ ಇದೆ.

ಚಲನೆ ಇರುವ ಕಡೆ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಗಾಬರಿ ಬೇಡ. ಹಳೆಯ ಟಿವಿಗಾಗಿ ಒಂದೊಂದು ಚಿತ್ರವನ್ನೂ ಎರಡು ಅರ್ಧಗಳಾಗಿ ದಾಖಲಿಸುತ್ತಿದ್ದರು, ಅದರ ಗುರುತು ಅದು. ಡಿಇಂಟರ್ಲೇಸ್ ಆಯ್ಕೆ ಬಳಸಿದರೆ ಹೋಗುತ್ತದೆ. ಚಿತ್ರವನ್ನು 4:3 ಅಳತೆಯಲ್ಲೇ ಬಿಡಿ. ಮೊಬೈಲ್ ಪರದೆ ತುಂಬಲೆಂದು ಎಳೆದರೆ ಎಲ್ಲರೂ ದಪ್ಪಗೆ ಕಾಣುತ್ತಾರೆ. ಮೂಲೆಯಲ್ಲಿ ಕಾಣುವ ದಿನಾಂಕ ಕ್ಯಾಮೆರಾದಲ್ಲಿ ಕೈಯಿಂದ ಹೊಂದಿಸಿದ್ದು. ಅದು ತಪ್ಪಿರಲೂಬಹುದು. ಮನೆಯ ಹಿರಿಯರನ್ನು ಕೇಳಿ ವರ್ಷ, ಊರು, ಹೆಸರು ಬರೆದಿಟ್ಟುಕೊಳ್ಳಿ.

ಅಂಗಡಿಗೆ ಕೊಡುವುದಾದರೆ ಇದನ್ನು ಕೇಳಿ

ಡಿವಿಡಿ ಮಾತ್ರ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಡಿವಿಡಿಗೆ ಹಾಕುವಾಗ ವಿಡಿಯೊ ಕುಗ್ಗಿ ಗುಣಮಟ್ಟ ಇಳಿಯುತ್ತದೆ. ಮಿನಿ ಡಿವಿಯಾದರೆ ಮೂಲ ಡಿವಿ ಫೈಲನ್ನೇ ನಿಮ್ಮ ಹಾರ್ಡ್ ಡಿಸ್ಕ್‌ಗೆ ಹಾಕಿಕೊಡಲು ಹೇಳಿ. ಕ್ಯಾಸೆಟ್‌ಗಳಿಗೆ ಸಂಖ್ಯೆ ಬರೆದು, ಎಣಿಸಿ ಕೊಡಿ, ಎಣಿಸಿ ವಾಪಸ್ ಪಡೆಯಿರಿ.

ಕೆಲಸ ಮುಗಿದ ಮೇಲೆ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿ ಇಡಿ. ಒಂದು ನಿಮ್ಮ ಬಳಿ ಇರಲಿ, ಇನ್ನೊಂದು ಊರಿನಲ್ಲಿರುವ ಅಣ್ಣನ ಅಥವಾ ತಂಗಿಯ ಮನೆಯಲ್ಲಿರಲಿ. ನೋಡಲು ಚಿಕ್ಕ ಎಂಪಿ4 ಪ್ರತಿಯನ್ನು ಫೋನ್‌ಗೆ ಹಾಕಿಕೊಳ್ಳಿ. ಟೇಪ್‌ಗಳನ್ನು ಮಾತ್ರ ಎಸೆಯಬೇಡಿ. ರಿವೈಂಡ್ ಮಾಡಿ, ನಿಲ್ಲಿಸಿದ ಭಂಗಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಮನೆ ಬದಲಾಯಿಸುವ ದಿನ ಆ ಡಬ್ಬ ಟೆಂಪೊದ ಸಾಮಾನಿನ ನಡುವೆ ಬೇಡ, ಕಾಗದಪತ್ರಗಳ ಚೀಲದ ಜೊತೆ ನಿಮ್ಮ ಕೈಯಲ್ಲೇ ಇರಲಿ.