ಹೊಗೆಕೊಳವೆ ಎತ್ತರವಾದರೆ ಗಾಳಿ ಶುದ್ಧವಾದೀತೆ?

ಚಿಗಟೇರಿ ಎಂದೊಡನೆ ಅನೇಕರಿಗೆ ನೆನಪಾಗುವುದು ಆ ಹೆಸರನ್ನು ಹೊತ್ತ ದಾವಣಗೆರೆಯ ಜಿಲ್ಲಾಸ್ಪತ್ರೆ. ಊರು ಇರುವುದು ಹರಪನಹಳ್ಳಿ ತಾಲೂಕಿನಲ್ಲಿ. ಈ ತಾಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಡತಗಳು ಕಚೇರಿಯಿಂದ ಕಚೇರಿಗೆ ಅಲೆದವು. ಆದರೆ ಗಾಳಿಗೆ ಜಿಲ್ಲೆಯ ಗಡಿ ಎಲ್ಲಿದೆ?

ಬಳ್ಳಾರಿ ಸಮೀಪದ ಕುಡತಿನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ 1,700 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವಿದೆ. ಅದೇ ನಿಗಮದ ರಾಯಚೂರು ಸ್ಥಾವರ ವಿದ್ಯುತ್ ಉತ್ಪಾದನೆ ಆರಂಭಿಸಿದ್ದು 1985ರಲ್ಲಿ. ಕಲ್ಲಿದ್ದಲು ಉರಿದಾಗ ಅದರಲ್ಲಿರುವ ಗಂಧಕ ಡೈಆಕ್ಸೈಡ್ ಅನಿಲವಾಗಿ ಹೊರಬೀಳುತ್ತದೆ. ಶ್ವಾಸನಾಳವನ್ನು ಕೆರಳಿಸುವ, ಉಬ್ಬಸದವರನ್ನು ಕಂಗೆಡಿಸುವ ಅನಿಲವಿದು. ಇದನ್ನು ಹಿಡಿತದಲ್ಲಿಡಲು ಜಗತ್ತು ನಡೆಸಿದ ಪ್ರಯತ್ನಗಳ ಇತಿಹಾಸದಲ್ಲಿ ನಮಗೊಂದು ಪಾಠವಿದೆ.

1952ರ ಡಿಸೆಂಬರ್‌ನಲ್ಲಿ ಲಂಡನ್ ನಗರವನ್ನು ಐದು ದಿನ ಕಲ್ಲಿದ್ದಲಿನ ಹೊಗೆಮಂಜು ಕವಿಯಿತು. ಸತ್ತವರು ಸುಮಾರು 4,000 ಎಂದು ಆಗ ಅಂದಾಜಿಸಲಾಯಿತು; ನಂತರದ ಅಧ್ಯಯನಗಳು 12,000ದವರೆಗೂ ಹೇಳಿವೆ. 1956ರಲ್ಲಿ ಬ್ರಿಟನ್ ಶುದ್ಧ ಗಾಳಿ ಕಾಯಿದೆ ತಂದಿತು. ವಿದ್ಯುತ್ ಸ್ಥಾವರಗಳಿಗೆ ಕಂಡ ಸುಲಭೋಪಾಯವೆಂದರೆ ಹೊಗೆಕೊಳವೆಯನ್ನು ಎತ್ತರಿಸುವುದು. ಸುತ್ತಲಿನ ಗಾಳಿ ತಿಳಿಯಾಯಿತು ನಿಜ. ಆದರೆ ಗಂಧಕ ಎಲ್ಲಿ ಹೋಯಿತು? ಬ್ರಿಟನ್ ಹಾಗೂ ಯುರೋಪಿನ ಇತರ ಕೈಗಾರಿಕಾ ದೇಶಗಳ ಗಂಧಕ ನಾರ್ವೆ, ಸ್ವೀಡನ್‌ಗಳಲ್ಲಿ ಆಮ್ಲಮಳೆಯಾಗಿ ಸುರಿಯಿತು. ಅಲ್ಲಿನ ಕೆರೆಗಳ ಮೀನುಗಳು ಸತ್ತವು. ಅಮೆರಿಕದ 1970ರ ಕಾಯಿದೆ ಮಾನದಂಡವನ್ನು ಕೇಂದ್ರ ನಿಗದಿಪಡಿಸಬೇಕು, ಅದನ್ನು ತಲುಪುವ ಯೋಜನೆಯನ್ನು ರಾಜ್ಯಗಳು ರೂಪಿಸಬೇಕು ಎಂದಿತು. ಅಲ್ಲಿಯೂ ಕೊಳವೆಗಳೇ ಎತ್ತರವಾದಾಗ, 1977ರ ತಿದ್ದುಪಡಿ ಅತಿಯಾದ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ವಿಧಿಸಿತು. ದೂರಕ್ಕೆ ಚದುರಿಸುವುದು ಬೇರೆ, ಶುದ್ಧೀಕರಿಸುವುದು ಬೇರೆ.

ನಮ್ಮ 1981ರ ವಾಯು ಕಾಯಿದೆಯೂ ಗಾಳಿಯ ಗುಣಮಟ್ಟ ನಿಗದಿಪಡಿಸುವ ಕೆಲಸವನ್ನು ಕೇಂದ್ರ ಮಂಡಳಿಗೆ, ಜಾರಿಯ ಹೊಣೆಯನ್ನು ರಾಜ್ಯ ಮಂಡಳಿಗಳಿಗೆ ಒಪ್ಪಿಸಿತು. ಆದರೆ ಸ್ಥಾವರಗಳ ಗಂಧಕಕ್ಕೆ ನಿಯಮಾವಳಿಯಲ್ಲಿದ್ದ ಮದ್ದು ಕೊಳವೆಯ ಎತ್ತರವೇ: 500 ಮೆಗಾವ್ಯಾಟ್ ಮತ್ತು ಮೇಲ್ಪಟ್ಟ ಘಟಕಕ್ಕೆ 275 ಮೀಟರ್.

ಈ ನಡುವೆ ತಾಜ್‌ಮಹಲಿನ ಅಮೃತಶಿಲೆ ಗಂಧಕದ ಹೊಗೆಗೆ ಮಾಸುತ್ತಿದೆಯೆಂಬ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 30ರಂದು ನ್ಯಾಯಾಲಯ 292 ಕೈಗಾರಿಕೆಗಳಿಗೆ ಅನಿಲ ಇಂಧನಕ್ಕೆ ಬದಲಾಗಿ, ಇಲ್ಲವೇ ಜಾಗ ಖಾಲಿ ಮಾಡಿ ಎಂದಿತು. ಶಿಲೆಗೆ ಸಿಕ್ಕ ರಕ್ಷಣೆ ಶ್ವಾಸಕೋಶಕ್ಕೆ ಸಿಗಲು ಮತ್ತೆ 19 ವರ್ಷ ಕಾಯಬೇಕಾಯಿತು. 2015ರ ಡಿಸೆಂಬರ್ 7ರಂದು ಕೇಂದ್ರವು ಉಷ್ಣ ಸ್ಥಾವರಗಳ ಗಂಧಕಕ್ಕೆ ಮೊದಲ ಬಾರಿ ಮಿತಿ ಹಾಕಿತು. ಹೊಗೆಯನ್ನು ಸುಣ್ಣಕಲ್ಲಿನ ನೀರಿನಲ್ಲಿ ತೊಳೆದರೆ ಗಂಧಕ ಜಿಪ್ಸಂ ಆಗಿ ಉಳಿಯುತ್ತದೆ. ಇದು ಹಳೆಯ, ಪರೀಕ್ಷಿತ ತಂತ್ರ. ಎರಡು ವರ್ಷದ ಗಡುವು 2022ಕ್ಕೆ ಜಾರಿತು. ಆಮೇಲೆ 2021, 2022, 2024ರಲ್ಲಿ ಮತ್ತೆ ಮತ್ತೆ ಮುಂದೆ ಹೋಯಿತು. ಕೊನೆಗೆ 2025ರ ಜುಲೈ 11ರ ಅಧಿಸೂಚನೆ ಬಹುಪಾಲು ಸ್ಥಾವರಗಳನ್ನು ಆ ಮಿತಿಯಿಂದಲೇ ಬಿಡುಗಡೆ ಮಾಡಿತು. ವಿಧಿಸಿದ ಷರತ್ತು ಯಾವುದು? ಕೊಳವೆಯ ಎತ್ತರ! ಹತ್ತು ವರ್ಷ ನಡೆದು ಹೊರಟಲ್ಲಿಗೇ ಬಂದೆವು. ಕಡ್ಡಾಯ ಉಳಿದದ್ದು ರಾಜಧಾನಿ ಪ್ರದೇಶದ ಮತ್ತು ಹತ್ತು ಲಕ್ಷ ಜನಸಂಖ್ಯೆಯ ನಗರಗಳ 10 ಕಿಲೋಮೀಟರ್ ಒಳಗಿನ ಸ್ಥಾವರಗಳಿಗೆ. ಬಳ್ಳಾರಿಯಾಗಲಿ ರಾಯಚೂರಾಗಲಿ ಹತ್ತು ಲಕ್ಷದ ನಗರಗಳಲ್ಲ.

ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರಗಳ ವೆಚ್ಚ ಹೆಚ್ಚು, ಗಾಳಿಯಲ್ಲಿ ಅಳೆದ ಪ್ರಮಾಣವೂ 2009ರ ಮಾನದಂಡದೊಳಗೇ ಇದೆ ಎಂಬುದು ಸರಕಾರದ ವಾದ. ಇದರಲ್ಲಿ ಸತ್ಯಾಂಶವಿದೆ. ಆದರೆ ಅನಿಲ ಗಾಳಿಯಲ್ಲಿ ಅನಿಲವಾಗಿಯೇ ಉಳಿಯುವುದಿಲ್ಲ. ಅದು ಸಲ್ಫೇಟ್ ಎಂಬ ಸೂಕ್ಷ್ಮ ಕಣವಾಗಿ ನೂರಾರು ಕಿಲೋಮೀಟರ್ ಸಾಗುತ್ತದೆ. ಆಗ ಅದು ಧೂಳಿನ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಗಂಧಕದ ಲೆಕ್ಕಕ್ಕಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ದಾವಣಗೆರೆಯೂ ಇದೆ. ಅಲ್ಲಿ ಅಳೆಯುವುದು ಧೂಳನ್ನು. ರಸ್ತೆ ಗುಡಿಸುವ ನಗರಪಾಲಿಕೆ ದೂರದ ಕೊಳವೆಯನ್ನು ಹೇಗೆ ತಡೆದೀತು?

ರಾಜ್ಯದ ಸಂಕಟವನ್ನೂ ಅರಿಯಬೇಕು. ಹೊಗೆ ಬಿಡುವ ನಿಗಮ ರಾಜ್ಯದ್ದು, ನೋಟಿಸು ಕೊಡಬೇಕಾದ ಮಂಡಳಿಯೂ ರಾಜ್ಯದ್ದೇ. ವಿದ್ಯುತ್ ದರ ಏರಿದರೆ ಜನರ ಸಿಟ್ಟೂ ರಾಜ್ಯಕ್ಕೇ. ಕೇಂದ್ರವು ಹಣದ ನೆರವು, ಬದಲಾಗದ ಗಡುವು, ಬಹಿರಂಗ ಮಾಪನ ಇವಿಷ್ಟನ್ನು ಕೊಡದೆ ಮಾನದಂಡವನ್ನಷ್ಟೇ ಕಳಿಸಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಆದರೆ ರಾಜ್ಯವೂ ನಿರುಪಾಯವಲ್ಲ: ವಾಯು ಕಾಯಿದೆಯ 17ನೇ ಕಲಮು, ಕೇಂದ್ರ ಮಂಡಳಿಯೊಂದಿಗೆ ಸಮಾಲೋಚಿಸಿ ಹೊರಸೂಸುವಿಕೆಗೆ ಮಿತಿ ನಿಗದಿಪಡಿಸುವ ಅಧಿಕಾರವನ್ನು ರಾಜ್ಯ ಮಂಡಳಿಗೆ ಕೊಟ್ಟಿದೆ.

ಹಮ್ಮಾಮಿನ, ರೊಟ್ಟಿಯ ಒಲೆಯ ಹೊಗೆ ಪಕ್ಕದ ಮನೆಗೆ ನುಗ್ಗಿದಾಗ ಮಧ್ಯಯುಗದ ಇಸ್ಲಾಮೀ ನ್ಯಾಯಶಾಸ್ತ್ರಜ್ಞರು ಅದನ್ನು ನೆರೆಯವನ ಹಕ್ಕಿನ ಪ್ರಶ್ನೆಯಾಗಿ ಚರ್ಚಿಸಿದ್ದರು. 275 ಮೀಟರ್ ಎತ್ತರದ ಕೊಳವೆಗೆ ನೆರೆಯವರು ಯಾರು? ಹೊಗೆ ಎಲ್ಲಿಯವರೆಗೆ ತಲುಪುತ್ತದೆಯೋ ಅಲ್ಲಿಯವರೆಗಿನವರೆಲ್ಲ. ಅವರ ಉಬ್ಬಸದ ಖರ್ಚು ವಿದ್ಯುತ್ ಬಿಲ್ಲಿನಲ್ಲಿ ಕಾಣುವುದಿಲ್ಲ. ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ಕಾಣುತ್ತದೆ.