ದಿನದ ಬದುಕಿನಲ್ಲಿ ಭೌತಶಾಸ್ತ್ರದ ಲೆಕ್ಕಗಳು: ಬಾವಿಯ ಕಲ್ಲಿನಿಂದ ಸ್ಯಾಟರ್ನ್ 5ರವರೆಗೆ

ಭೌತಶಾಸ್ತ್ರದ ಮೊದಲ ಪಾಠಗಳ ಲೆಕ್ಕಗಳು ಕಠಿಣವಾಗಿ ಕಾಣುವುದಕ್ಕೆ ಗಣಿತವೇ ಕಾರಣವೆಂದು ಹೆಚ್ಚಿನವರು ಭಾವಿಸುತ್ತಾರೆ. ಆದರೆ ಅಲ್ಲಿ ಬೇಕಾಗುವ ಗಣಿತವು ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲಗಳನ್ನು ಮೀರುವುದು ಅಪರೂಪ. ತೊಡಕಿರುವುದು ಲೆಕ್ಕದ ವಾಕ್ಯವನ್ನು ಒಂದು ಸನ್ನಿವೇಶವಾಗಿ ಕಣ್ಣಮುಂದೆ ತಂದುಕೊಳ್ಳುವುದರಲ್ಲಿ. ಸೂತ್ರ ಬಾಯಿಪಾಠವಾಗಿದ್ದರೂ ಅದನ್ನು ಎಲ್ಲಿ ಹೂಡಬೇಕೆಂದು ತಿಳಿಯದೆ ವಿದ್ಯಾರ್ಥಿ ತಡೆದು ನಿಲ್ಲುತ್ತಾನೆ. ದಿನನಿತ್ಯ ಕಂಡು ಬಲ್ಲ ಸಂಗತಿಗಳಿಂದ ಲೆಕ್ಕವನ್ನು ಆರಂಭಿಸಿದರೆ ಈ ತಡೆ ಬಹುಮಟ್ಟಿಗೆ ನೀಗುತ್ತದೆ; ಬಂದ ಉತ್ತರವು ನಂಬಲರ್ಹವೇ ಎಂದು ಪರೀಕ್ಷಿಸಲು ಒಂದು ಒರೆಗಲ್ಲೂ ದೊರೆಯುತ್ತದೆ.

ಹ್ಯೂಸ್ಟನ್ನಿನ ಆಗ್ನೇಯಕ್ಕಿರುವ ಕ್ಲಿಯರ್ ಲೇಕ್ ಪ್ರದೇಶದಲ್ಲಿ ಇಂತಹ ಸನ್ನಿವೇಶಗಳಿಗೆ ಕೊರತೆಯಿಲ್ಲ. 1961ರಲ್ಲಿ ಮಾನವಸಹಿತ ಬಾಹ್ಯಾಕಾಶ ನೌಕಾ ಕೇಂದ್ರವೆಂದು ಆರಂಭವಾಗಿ, 1973ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ನರ ಹೆಸರು ಪಡೆದ ನಾಸಾ ಕೇಂದ್ರವಿರುವುದು ಇಲ್ಲಿಯೇ. ಈ ಲೇಖನದ ಉದಾಹರಣೆಗಳಲ್ಲಿ ಹೆಚ್ಚಿನವು ಈ ಪರಿಸರದವು. ಕೆಲವು, ಕರ್ನಾಟಕದಲ್ಲಿ ಬೆಳೆದ ತಂದೆತಾಯಿಯರಿಗೆ ಚಿರಪರಿಚಿತವಾದವು.

ನಾಲ್ಕು ಹೆಜ್ಜೆಗಳು

ಯಾವ ಲೆಕ್ಕಕ್ಕೂ ಹೊಂದುವ ಕ್ರಮವೊಂದಿದೆ. ಮೊದಲನೆಯದಾಗಿ, ಸನ್ನಿವೇಶದ ಚಿತ್ರ ಬರೆದು, ವಸ್ತುವಿನ ಮೇಲೆ ಯಾವ ಬಲಗಳು ಯಾವ ದಿಕ್ಕಿನಲ್ಲಿವೆ ಎಂದು ಬಾಣಗಳಿಂದ ಗುರುತಿಸಬೇಕು. ಎರಡನೆಯದಾಗಿ, ಉತ್ತರ ಸುಮಾರು ಎಷ್ಟಿರಬಹುದೆಂದು ಅಂದಾಜು ಮಾಡಬೇಕು. ಮೂರನೆಯದಾಗಿ, ಎಲ್ಲ ಅಳತೆಗಳನ್ನೂ ಒಂದೇ ಪದ್ಧತಿಗೆ ತಂದು ಸೂತ್ರ ಹೂಡಬೇಕು. ನಾಲ್ಕನೆಯದಾಗಿ, ಉತ್ತರವನ್ನು ಅಂದಾಜಿನೊಂದಿಗೆ ಹೋಲಿಸಬೇಕು.

ಅಮೆರಿಕದಲ್ಲಿ ಮೂರನೆಯ ಹೆಜ್ಜೆಯ ಮೇಲೆ ವಿಶೇಷ ಗಮನ ಬೇಕು. ರಸ್ತೆಯಲ್ಲಿ ಮೈಲಿ, ಪಠ್ಯದಲ್ಲಿ ಮೀಟರ್. ಗಂಟೆಗೆ ಇಷ್ಟು ಮೈಲಿ ಎಂಬುದನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬದಲಿಸಲು ಸುಲಭೋಪಾಯವಿದೆ: ಅರ್ಧ ಮಾಡಿ, ಬಂದದ್ದರಲ್ಲಿ ಹತ್ತನೆಯ ಒಂದು ಭಾಗ ಕಳೆಯಿರಿ. 60 ಮೈಲಿ ಎಂದರೆ 30ರಲ್ಲಿ 3 ಕಳೆದು 27 ಮೀಟರ್. ಅಳತೆಯ ಗೊಂದಲ ಶಾಲೆಗೆ ಮಾತ್ರ ಸೀಮಿತವಲ್ಲ. 1999ರಲ್ಲಿ ನಾಸಾದ ಮಂಗಳ ಹವಾಮಾನ ನೌಕೆಯು ನಾಶವಾದದ್ದು, ಒಂದು ಕಡೆ ಪೌಂಡ್ ಬಲದಲ್ಲಿ ಎಣಿಸಿದ ಅಂಕಿಯನ್ನು ಇನ್ನೊಂದು ಕಡೆ ನ್ಯೂಟನ್ನಿನಲ್ಲಿದೆಯೆಂದು ಬಳಸಿದ್ದರಿಂದ.

ಬಾವಿಗೆ ಬಿದ್ದ ಕಲ್ಲು

ಬಾವಿಗೆ ಕಲ್ಲು ಹಾಕಿ, ನೀರಿನ ಸದ್ದು ಕೇಳುವವರೆಗೆ ಎಣಿಸುವುದು ನಮ್ಮೂರುಗಳ ಮಕ್ಕಳ ಆಟ. ಕಲ್ಲಿನ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ. ವೇಗದ ಈ ಏರಿಕೆಯ ದರವನ್ನು ಕನ್ನಡ ಪಠ್ಯಗಳು ವೇಗೋತ್ಕರ್ಷವೆಂದು ಕರೆಯುತ್ತವೆ. ವೇಗದ ಉತ್ಕರ್ಷವೆಂದು ಬಿಡಿಸಿದರೆ ಪದವೇ ಅರ್ಥವನ್ನು ಹೇಳುತ್ತದೆ. ನಿಶ್ಚಲ ಸ್ಥಿತಿಯಿಂದ ಹೊರಟ ವಸ್ತು ಕ್ರಮಿಸುವ ದೂರವು ವೇಗೋತ್ಕರ್ಷ ಮತ್ತು ಕಾಲದ ವರ್ಗಗಳ ಗುಣಲಬ್ಧದ ಅರ್ಧ. ಎರಡು ಸೆಕೆಂಡಿಗೆ ಸದ್ದು ಕೇಳಿಸಿದರೆ ನೀರು ಸುಮಾರು 20 ಮೀಟರ್ ಆಳದಲ್ಲಿದೆ. ಸದ್ದು ಮೇಲೇರಿ ಬರಲು ಹಿಡಿಯುವ ಕಾಲ ಸೆಕೆಂಡಿನ ಸುಮಾರು ಹದಿನೇಳನೆಯ ಒಂದು ಭಾಗದಷ್ಟು ಮಾತ್ರವಾದ್ದರಿಂದ ಅದನ್ನು ಇಲ್ಲಿ ಬಿಡಬಹುದು. ಯಾವುದನ್ನು ಬಿಡಬಹುದೆಂದು ತಿಳಿಯುವುದೂ ಲೆಕ್ಕದ ಒಂದು ಭಾಗವೇ.

ಕಾರಿಗಿಂತ ನಿಧಾನವಾಗಿ ಹೊರಡುವ ರಾಕೆಟ್

ಜಾನ್ಸನ್ ಕೇಂದ್ರದ ರಾಕೆಟ್ ಪಾರ್ಕಿನಲ್ಲಿ ಸ್ಯಾಟರ್ನ್ 5 ರಾಕೆಟ್ಟನ್ನು ಮಲಗಿಸಿ ಇಡಲಾಗಿದೆ. ನಿಲ್ಲಿಸಿದರೆ ಅದರ ಎತ್ತರ 363 ಅಡಿ, ಅಂದರೆ ಸುಮಾರು 110 ಮೀಟರ್. ಉಡಾವಣೆಯ ಹೊತ್ತಿನಲ್ಲಿ ಅದರ ದ್ರವ್ಯರಾಶಿ ಸುಮಾರು 29 ಲಕ್ಷ ಕಿಲೋಗ್ರಾಂ. ಐದು ಎಂಜಿನ್‌ಗಳ ನೂಕುಬಲ ಸುಮಾರು 340 ಲಕ್ಷ ನ್ಯೂಟನ್. ಕೆಳಕ್ಕೆಳೆಯುವ ಗುರುತ್ವದ ಬಲ 29 ಲಕ್ಷವನ್ನು 9.8ರಿಂದ ಗುಣಿಸಿದಷ್ಟು, ಎಂದರೆ 284 ಲಕ್ಷ ನ್ಯೂಟನ್. ಉಳಿಯುವ ಬಲ 56 ಲಕ್ಷ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷವು ಸುಮಾರು 1.9.

ಒಂಬತ್ತು ಸೆಕೆಂಡಿನಲ್ಲಿ 60 ಮೈಲಿ ವೇಗ ತಲಪುವ ಸಾಮಾನ್ಯ ಕಾರಿನ ವೇಗೋತ್ಕರ್ಷ 3. ಮನುಷ್ಯನನ್ನು ಚಂದ್ರನಲ್ಲಿಗೆ ಕೊಂಡೊಯ್ದ ರಾಕೆಟ್ಟು ಮೊದಲ ಕ್ಷಣಗಳಲ್ಲಿ ಮನೆಯ ಕಾರಿಗಿಂತ ಮಂದ! ಈ ದರದಲ್ಲಿ ಅದು ತನ್ನದೇ ಎತ್ತರವನ್ನು ಏರಲು ಸುಮಾರು 11 ಸೆಕೆಂಡು ಬೇಕು. ಅಪೊಲೊ ಉಡಾವಣೆಗಳ ಚಲನಚಿತ್ರ ನೋಡುತ್ತ ಗಡಿಯಾರ ಹಿಡಿದರೆ ಈ ಉತ್ತರವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸೆಕೆಂಡಿಗೆ ಸುಮಾರು 13 ಟನ್ ಇಂಧನ ಮತ್ತು ಆಮ್ಲಜನಕ ಉರಿದುಹೋಗುವುದರಿಂದ ದ್ರವ್ಯರಾಶಿ ಕುಗ್ಗುತ್ತ, ವೇಗೋತ್ಕರ್ಷ ಏರುತ್ತ ಹೋಗುತ್ತದೆ.

ಎತ್ತರವು ವೇಗವಾಗುವ ಬಗೆ

ಕೀಮಾ ಬೋರ್ಡ್‌ವಾಕಿನ ಮರದ ರೋಲರ್ ಕೋಸ್ಟರಿನ ದೊಡ್ಡ ಇಳಿತ ಸುಮಾರು 92 ಅಡಿ, ಎಂದರೆ 28 ಮೀಟರ್. ಎತ್ತರದ ಪ್ರಚ್ಛನ್ನ ಶಕ್ತಿಯೆಲ್ಲ ಚಲನಶಕ್ತಿಯಾದರೆ, ವೇಗದ ವರ್ಗವು 2, 9.8 ಮತ್ತು 28ರ ಗುಣಲಬ್ಧವಾಗಬೇಕು: ಸುಮಾರು 549. ವರ್ಗಮೂಲ 23.4 ಮೀಟರ್, ಅಂದರೆ ಗಂಟೆಗೆ ಸುಮಾರು 52 ಮೈಲಿ. ಪ್ರಕಟಿತ ಗರಿಷ್ಠ ವೇಗ 51 ಮೈಲಿ. ಇಲ್ಲಿ ಗಾಡಿಯ ತೂಕ ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು. ಎರಡೂ ಶಕ್ತಿಗಳಲ್ಲಿ ದ್ರವ್ಯರಾಶಿ ಇರುವುದರಿಂದ ಅದು ವಜಾ ಆಗುತ್ತದೆ.

ಬ್ರೇಕಿನ ಲೆಕ್ಕ

ಟೆಕ್ಸಾಸಿನಲ್ಲಿ 15ನೆಯ ವಯಸ್ಸಿಗೆ ಕಲಿಕೆಯ ಚಾಲನಾ ಪರವಾನಗಿ ಪಡೆಯಬಹುದು. ಅದೇ ಹೊತ್ತಿಗೆ ಶಾಲೆಯಲ್ಲಿ ಚಲನೆಯ ಪಾಠಗಳೂ ಬರುತ್ತವೆ. ಎರಡನ್ನೂ ಒಟ್ಟಿಗೆ ಕಲಿಸುವುದು ಲೇಸು.

ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡುವವರೆಗೆ 1.5 ಸೆಕೆಂಡು ಹಿಡಿಯಿತೆನ್ನೋಣ. ಒಣ ರಸ್ತೆಯಲ್ಲಿ ಬ್ರೇಕು ಪ್ರತಿ ಸೆಕೆಂಡಿಗೆ 7 ಮೀಟರಿನಷ್ಟು ವೇಗವನ್ನು ತಗ್ಗಿಸಲಿ. ಬ್ರೇಕು ಹಿಡಿದ ಮೇಲೆ ಕಾರು ಸಾಗುವ ದೂರವನ್ನು ತಿಳಿಯಲು, ವೇಗದ ವರ್ಗವನ್ನು ಆ ಏಳರ ಇಮ್ಮಡಿಯಿಂದ ಭಾಗಿಸಬೇಕು. 30 ಮೈಲಿ ವೇಗದಲ್ಲಿ ಮೊದಲ ಭಾಗ 20 ಮೀಟರ್, ಎರಡನೆಯದು 13; ಒಟ್ಟು 33. 60 ಮೈಲಿ ವೇಗದಲ್ಲಿ ಮೊದಲನೆಯದು 40, ಎರಡನೆಯದು 52. ಒಟ್ಟು 92 ಮೀಟರ್. ಇದು ಅಮೆರಿಕನ್ ಫುಟ್‌ಬಾಲ್ ಅಂಗಳದ 100 ಗಜಕ್ಕೆ ಸಮ. ವೇಗ ಇಮ್ಮಡಿಯಾದಾಗ ಬ್ರೇಕಿನ ದೂರ ನಾಲ್ಮಡಿಯಾಯಿತು. ಮಳೆಯಲ್ಲಿ ನೆನೆದ ರಸ್ತೆಯಲ್ಲಿ 7ರ ಬದಲು 4 ಎಂದಿಟ್ಟುಕೊಂಡರೆ ಒಟ್ಟು ದೂರ 131 ಮೀಟರಿಗೆ ಏರುತ್ತದೆ. ಈ ವೇಗದಲ್ಲಿ ಎರಡು ಸೆಕೆಂಡು ಫೋನಿನತ್ತ ಕಣ್ಣು ಹಾಯಿಸಿದರೆ, ರಸ್ತೆಯನ್ನೇ ನೋಡದೆ 54 ಮೀಟರ್ ಸಾಗಿದಂತೆ.

ಮಡಿಲಲ್ಲಿ ಕೂಸು ನಿಲ್ಲದು

ಕ್ರಿಕೆಟ್ ಆಟಗಾರನು ಚೆಂಡು ಹಿಡಿಯುವಾಗ ಕೈಗಳನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ನಿಲ್ಲುವ ದೂರ ಹೆಚ್ಚಿದಷ್ಟೂ ತಾಗುವ ಬಲ ಕಡಿಮೆಯಾಗುತ್ತದೆ. ಕಾರಿನ ಮುಂಭಾಗ ನುಗ್ಗಾಗುವುದು, ಸೀಟ್ ಬೆಲ್ಟ್ ತುಸು ಹಿಗ್ಗುವುದು, ಏರ್‌ಬ್ಯಾಗ್ ಉಬ್ಬುವುದು ಇದೇ ತತ್ತ್ವದಿಂದ.

30 ಮೈಲಿ ವೇಗದಲ್ಲಿ ಕಾರು ಗೋಡೆಗೆ ತಾಗಿ, ಬೆಲ್ಟ್ ಕಟ್ಟಿದ ವ್ಯಕ್ತಿ ಅರ್ಧ ಮೀಟರಿನಲ್ಲಿ ನಿಂತನೆನ್ನೋಣ. ವೇಗದ ಇಳಿಕೆ ಪ್ರತಿ ಸೆಕೆಂಡಿಗೆ ಸುಮಾರು 182 ಮೀಟರ್. 60 ಕಿಲೋಗ್ರಾಮಿನ ದೇಹಕ್ಕೆ ಸುಮಾರು 11,000 ನ್ಯೂಟನ್ ಬಲ. ಬೆಲ್ಟಿಲ್ಲದೆ ಮುಂದಿನ ಫಲಕಕ್ಕೆ ಬಡಿದು 5 ಸೆಂಟಿಮೀಟರಿನಲ್ಲಿ ನಿಂತರೆ ಬಲ ಹತ್ತು ಪಟ್ಟು. ಅದೂ ಎದೆಗೂಡು ಅಥವಾ ತಲೆಬುರುಡೆಯ ಒಂದು ಪುಟ್ಟ ಭಾಗದ ಮೇಲೆ.

ಊರಿನಿಂದ ಬಂದ ಅಜ್ಜಿ, ತಾತಂದಿರಿಗೆ ಕೂಸನ್ನು ಕಾರಿನಲ್ಲಿ ಮಡಿಲಲ್ಲಿಟ್ಟುಕೊಳ್ಳುವ ಆಸೆ ಸಹಜ. ಅವರಿಗೆ ಹೇಳಬೇಕಾದ ಲೆಕ್ಕ ಇದು: ಮೇಲಿನ ಡಿಕ್ಕಿಯಲ್ಲಿ 10 ಕಿಲೋಗ್ರಾಮಿನ ಕೂಸನ್ನು ಹಿಡಿದು ನಿಲ್ಲಿಸಲು 1,820 ನ್ಯೂಟನ್ ಬೇಕು, 185 ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿದಂತೆ. ಯಾವ ಪ್ರೀತಿಯ ತೋಳಿಗೂ ಅದು ಸಾಧ್ಯವಿಲ್ಲ. ಮಗುವಿನ ಆಸನ ಅದಕ್ಕಾಗಿಯೇ ಇರುವುದು.

ತೋಳಿನ ಎತ್ತರ ಮತ್ತು ರಕ್ತದೊತ್ತಡ

ದ್ರವದ ಒತ್ತಡವು ಆಳದೊಂದಿಗೆ ಏರುತ್ತದೆ: ಸಾಂದ್ರತೆ, 9.8 ಮತ್ತು ಆಳಗಳ ಗುಣಲಬ್ಧವೇ ಒತ್ತಡ. ರಕ್ತದ ಸಾಂದ್ರತೆ ಘನ ಮೀಟರಿಗೆ ಸುಮಾರು 1,060 ಕಿಲೋಗ್ರಾಂ. 10 ಸೆಂಟಿಮೀಟರ್ ಕೆಳಗಿಳಿದರೆ ಒತ್ತಡ ಸುಮಾರು 1,040 ಪಾಸ್ಕಲ್, ಅಂದರೆ ಪಾದರಸದ 8 ಮಿಲಿಮೀಟರಿನಷ್ಟು ಏರುತ್ತದೆ. ಮನೆಯಲ್ಲಿ ಯಂತ್ರದಿಂದ ರಕ್ತದೊತ್ತಡ ನೋಡಿಕೊಳ್ಳುವವರು ತೋಳನ್ನು ಮೇಜಿನ ಮೇಲಿಡದೆ ಜೋಲುಬಿಟ್ಟರೆ, ಪಟ್ಟಿಯು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೂ 125 ಇರುವುದು 133 ಎಂದು ತೋರುತ್ತದೆ. ಅಮೆರಿಕದ 2017ರ ಮಾರ್ಗಸೂಚಿಯಂತೆ 130 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ. ಬೇಡದ ಮಾತ್ರೆಯೊಂದು ಹೀಗೆ ಜೀವನಪರ್ಯಂತ ಜೊತೆಯಾಗಬಹುದು. ತೋಳಿನ ಪಟ್ಟಿ ಹೃದಯದ ಮಟ್ಟದಲ್ಲಿರಲಿ ಎಂಬ ವೈದ್ಯರ ಸೂಚನೆಯ ಹಿಂದೆ ಇರುವುದು ಒಂಬತ್ತನೆಯ ತರಗತಿಯ ಭೌತಶಾಸ್ತ್ರ.

ಅನುಭವವು ದಾರಿ ತಪ್ಪಿಸುವಾಗ

ದಿನನಿತ್ಯದ ಅನುಭವವು ಯಾವಾಗಲೂ ಸರಿದಾರಿ ತೋರುವುದಿಲ್ಲ. ಗಗನಯಾತ್ರಿಗಳು ತೇಲುವುದನ್ನು ಕಂಡು, ಅಲ್ಲಿ ಗುರುತ್ವವಿಲ್ಲವೆಂದು ಹಲವರು ನಂಬುತ್ತಾರೆ. ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವದ ವೇಗೋತ್ಕರ್ಷ ಸುಮಾರು 8.7, ನೆಲದಲ್ಲಿರುವುದರ ಹತ್ತನೆಯ ಒಂಬತ್ತು ಭಾಗದಷ್ಟು.

ಲಿಫ್ಟಿನಲ್ಲಿ ತೂಕದ ಯಂತ್ರದ ಮೇಲೆ ನಿಂತಿರುವಂತೆ ಕಲ್ಪಿಸಿಕೊಂಡರೆ ಇದು ತಿಳಿಯಾಗುತ್ತದೆ. ಯಂತ್ರ ಅಳೆಯುವುದು ಗುರುತ್ವವನ್ನಲ್ಲ, ತಾನು ನಮ್ಮ ಪಾದವನ್ನು ಮೇಲಕ್ಕೆ ಒತ್ತುವ ಬಲವನ್ನು. ಲಿಫ್ಟು 1 ಮೀಟರ್ ವೇಗೋತ್ಕರ್ಷದಿಂದ ಮೇಲೇರತೊಡಗಿದರೆ 60 ಕಿಲೋಗ್ರಾಮಿನವರಿಗೆ ಯಂತ್ರವು 66 ತೋರಿಸುತ್ತದೆ. ಹಗ್ಗ ಹರಿದು ಲಿಫ್ಟು ಬೀಳುತ್ತಿದ್ದರೆ ತೋರಿಸುವುದು ಸೊನ್ನೆ. ಗುರುತ್ವ ಮಾತ್ರ ಇದ್ದಂತೆಯೇ ಇರುತ್ತದೆ. ನಿಲ್ದಾಣವೂ ಹಾಗೆಯೇ ಸದಾ ಬೀಳುತ್ತಿದೆ. ಆದರೆ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೂ ಸಾಗುತ್ತಿರುವುದರಿಂದ ಭೂಮಿಯ ಸುತ್ತಲೇ ಬೀಳುತ್ತದೆ.

ಹ್ಯೂಸ್ಟನ್ನಿನಲ್ಲಿ ನಾಸಾದ ತರಬೇತಿ ಕೊಳವೊಂದಿದೆ: 202 ಅಡಿ ಉದ್ದ, 102 ಅಡಿ ಅಗಲ, 40 ಅಡಿ ಆಳ. ಅಲ್ಲಿ ಗಗನಯಾತ್ರಿ ಮುಳುಗದೆ, ಮೇಲೇಳದೆ ನಿಲ್ಲುವಂತೆ ಉಡುಪಿಗೆ ಭಾರ ಹೊಂದಿಸುತ್ತಾರೆ. ಆದರೂ ಅದು ಕಕ್ಷೆಯ ಸ್ಥಿತಿಯಲ್ಲ. ಕೊಳದಲ್ಲಿ ತಲೆಕೆಳಗಾದರೆ ರಕ್ತ ತಲೆಗೇರುತ್ತದೆ. ಕಕ್ಷೆಯಲ್ಲಿ ತಲೆಕೆಳಗೆಂಬುದೇ ಇಲ್ಲ. ಅಲ್ಲಿ ತೋಳು ಎಲ್ಲಿದ್ದರೂ ರಕ್ತದೊತ್ತಡದ ಓದು ಎತ್ತರದಿಂದ ಬದಲಾಗದು.

ಪಾಲಕರು ಮಾಡಬಹುದಾದದ್ದು

ಮಕ್ಕಳು ಲೆಕ್ಕ ತಂದಾಗ ಸೂತ್ರ ಹೇಳಿಕೊಡುವುದಕ್ಕೆ ಮುಂಚೆ, ಉತ್ತರ ಎಷ್ಟಿರಬಹುದೆಂದು ಕೇಳಿರಿ. ಕಾರೊಂದು ನಿಲ್ಲಲು 9 ಕಿಲೋಮೀಟರ್ ಬೇಕೆಂಬ ಉತ್ತರ ಬಂದರೆ, ದಶಮಾಂಶ ಬಿಂದು ಜಾರಿದೆಯೆಂದು ಮಗುವೇ ಕಂಡುಕೊಳ್ಳಬೇಕು. ವೈದ್ಯವೃತ್ತಿಯಲ್ಲಿ ಔಷಧದ ಪ್ರಮಾಣವನ್ನು ಲೆಕ್ಕಹಾಕಿದ ಮೇಲೆ, ಈ ತೂಕದ ಮಗುವಿಗೆ ಇಷ್ಟು ಇರಬಹುದೇ ಎಂದು ಮತ್ತೊಮ್ಮೆ ಕೇಳಿಕೊಳ್ಳುವುದು ಕಡ್ಡಾಯ. ಬಿಂದು ಒಂದು ಸ್ಥಾನ ಜಾರಿದರೆ ಪ್ರಮಾಣ ಹತ್ತುಪಟ್ಟಾಗುತ್ತದೆ. ಎಂಜಿನಿಯರಿಗೂ, ಚಾಲಕನಿಗೂ, ದಾದಿಗೂ ಬೇಕಾದ ಈ ಅಭ್ಯಾಸವನ್ನು ಮನೆಯ ಮೇಜಿನ ಮೇಲೆ, ಮನೆಯ ಭಾಷೆಯಲ್ಲಿ ಆರಂಭಿಸಬಹುದು. ಮುಂದಿನ ಬಾರಿ ಕೀಮಾಕ್ಕೆ ಹೋದಾಗ ಇಳಿತದ ಎತ್ತರ ಹೇಳಿ, ವೇಗವನ್ನು ಮಕ್ಕಳಿಂದಲೇ ಕಂಡುಹಿಡಿಸಿರಿ.