ಏಳು ಬೀಜ ಮೊಳೆತದ್ದು ಹೇಗೆ?

ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಮನೆಗಳಲ್ಲಿ ಕಳೆದ ವರ್ಷದ ಡೇರೆ ಗೆಡ್ಡೆಗಳನ್ನು ಹೊರತೆಗೆದು ಅದುಮಿ ನೋಡುವುದುಂಟು. ಗಟ್ಟಿಯಿದ್ದರೆ ಅಂಗಳಕ್ಕೆ, ಸೊರಗಿ ಟೊಳ್ಳಾಗಿದ್ದರೆ ಗೊಬ್ಬರದ ಗುಂಡಿಗೆ. ಎತ್ತಿಟ್ಟ ಗೆಡ್ಡೆಗೂ ಆಯುಸ್ಸಿದೆ.

ಬಾಬಾಬುಡನ್‌ಗಿರಿಯ ಕಾಫಿ ಚರಿತ್ರೆ ನಿಂತಿರುವುದೂ ಇಂಥದೇ ಪ್ರಶ್ನೆಯ ಮೇಲೆ. 1670ರ ಸುಮಾರಿಗೆ ಮೆಕ್ಕಾ ಯಾತ್ರೆಯಿಂದ ಮರಳುವಾಗ ಬಾಬಾಬುಡನ್ ಅವರು ಯೆಮನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಬೇರೆಡೆ ಬೆಳೆಯದಿರಲೆಂದು ಅರಬರು ಬೀಜವನ್ನು ಬೇಯಿಸಿಯೋ ಹುರಿದೋ ಮಾರುತ್ತಿದ್ದರಂತೆ. ಹಾಗಾದರೆ ಆ ಏಳೂ ಹಸಿಬೀಜಗಳೇ ಆಗಿರಬೇಕು.

ಹಸಿಯಾಗಿದ್ದರಷ್ಟೇ ಸಾಲದು. ಕಾಫಿ ಬೀಜ ರಾಗಿಯಂತೆ ವರ್ಷಗಟ್ಟಲೆ ಕಾಯುವುದಿಲ್ಲ; ಸುಮ್ಮನೆ ಇಟ್ಟರೆ ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಬೆಳೆಗಾರರು ಹಣ್ಣಿನ ಸಿಪ್ಪೆ ಬಿಡಿಸಿದ ಬೀಜಕ್ಕೆ ಬೂದಿ ಬೆರೆಸಿ, ನೆರಳಲ್ಲಿ ಆರಿಸಿ, ಡಿಸೆಂಬರ್-ಜನವರಿಯಲ್ಲೇ ಸಸಿಮಡಿಗೆ ಹಾಕುತ್ತಾರೆ. ಸುಮಾರು 45 ದಿನಕ್ಕೆ ಮೊಳಕೆ.

ಗಾಳಿ ಅನುಕೂಲವಾಗಿದ್ದರೆ ಮೋಖಾದಿಂದ ನಮ್ಮ ಕರಾವಳಿಗೆ ಹಾಯಿಹಡಗಿನಲ್ಲಿ ಕೆಲವು ವಾರಗಳ ದಾರಿ. ಅಲ್ಲಿಂದ ಘಟ್ಟ ಹತ್ತಿದರೆ ಗಿರಿ. ಬೀಜ ಬದುಕಿ ಬರಲು ಸಾಧ್ಯವಿತ್ತು. ಕಥೆಗೆ ದಾಖಲೆಯ ಬಲವಿಲ್ಲದಿದ್ದರೂ ಬೀಜದ ಸ್ವಭಾವ ಅದನ್ನು ಸುಳ್ಳೆನ್ನುವುದಿಲ್ಲ. ಒಂದು ವರ್ಷ ತಡವಾಗಿದ್ದರೆ ಮಾತ್ರ, ಏಳಲ್ಲ, ಏಳು ಮೂಟೆ ತಂದಿದ್ದರೂ ಗಿರಿಯಲ್ಲಿ ಒಂದು ಗಿಡ ಏಳುತ್ತಿರಲಿಲ್ಲ.